ಮಾಡಿನ ಮೇಲಿನ ಕಲ್ನಾರು

ಕೇಳುಗರಿಗೆ ನಮಸ್ಕಾರ.

ಕಳೆದ ಏಪ್ರಿಲ್‌ನಲ್ಲಿ ನಮ್ಮ ಕಾಸರಗೋಡಿನ ಬದಿಯಡ್ಕದ ಹತ್ತಿರ ಒಂದು ಹಳೆಯ ಅಂಗಡಿ ಸಾಲಿನ ರಿಪೇರಿ ನಡೆಯುತ್ತಿತ್ತು. ತೆಂಗಿನಕಾಯಿ ಬಿದ್ದು ಎರಡು ಶೀಟು ಒಡೆದಿದ್ದವು. ಮಾಡಿನ ಮೇಲೆ ಕೂತ ಹುಡುಗನೊಬ್ಬ ಕಟ್ಟರ್ ಹಿಡಿದು ಹೊಸ ಅಳತೆಗೆ ಹಳೇ ಶೀಟು ಕೊಯ್ಯುತ್ತಿದ್ದ. ಬಿಳಿ ಹುಡಿ ಎದ್ದು, ಕೆಳಗಿನ ಹೋಟೆಲಿನ ಮೇಜಿನವರೆಗೂ ಬಂದು ಕೂತಿತ್ತು. ಅವನ ಮೂಗಿಗೆ ಒಂದು ಬೈರಾಸು, ಅಷ್ಟೇ. ನಾನು ಕೂಗಿ ನಿಲ್ಲಿಸಿದೆ.

"ಬರೀ ಸಿಮೆಂಟ್ ಹುಡಿ ಅಲ್ವಾ ಅಣ್ಣಾ?" ಎಂದು ಕೇಳಿದ.

ಅಲ್ಲ. ನಾವು ಸಿಮೆಂಟ್ ಶೀಟು ಅನ್ನುವ ಹಳೇ ಶೀಟಿನಲ್ಲಿ ಹೆಚ್ಚುಕಡಿಮೆ ನೂರಕ್ಕೆ ಹತ್ತು ಪಾಲು ಆಸ್ಬೆಸ್ಟಾಸ್ ಇರುತ್ತದೆ. ಕನ್ನಡದಲ್ಲಿ ಅದಕ್ಕೆ ಕಲ್ನಾರು ಎಂದು ಹೆಸರು. ಕಲ್ಲೂ ಹೌದು, ನಾರೂ ಹೌದು. ಕೊಯ್ದರೆ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಎಳೆಗಳು ಗಾಳಿಗೆ ಸೇರುತ್ತವೆ. ಬೈರಾಸು ಅದನ್ನು ತಡೆಯುವುದಿಲ್ಲ. ಉಸಿರಿನ ಜೊತೆ ಹೋದದ್ದು ಶ್ವಾಸಕೋಶದ ಆಳದಲ್ಲಿ ಸಿಕ್ಕಿಕೊಳ್ಳುತ್ತದೆ. ಶ್ವಾಸಕೋಶ ಗಟ್ಟಿಯಾಗುವುದು, ಕ್ಯಾನ್ಸರ್, ಇವೆಲ್ಲ ಕಾಣಿಸಿಕೊಳ್ಳುವುದು 20, 30, 40 ವರ್ಷ ಕಳೆದ ಮೇಲೆ. ಬೀಡಿ ಸಿಗರೇಟು ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಇನ್ನೂ ಜಾಸ್ತಿ. ಕೆಲಸದ ಅಂಗಿ ಒಗೆದ ಹೆಂಡತಿಗೂ ಕಾಯಿಲೆ ಬಂದದ್ದಿದೆ.

ನಿಧಾನದ ವಿಷ ಅಂದರೆ ಏನೆಂದು ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುವುದು 2000ದ ಹೊತ್ತಿಗೆ ನಿಂತಿತು. ಅದರ ಕಷ್ಟ ನಿಂತಿಲ್ಲ.

1995ರಲ್ಲಿ ಸುಪ್ರೀಂ ಕೋರ್ಟು ಆಸ್ಬೆಸ್ಟಾಸ್ ಕಾರ್ಖಾನೆಗಳಿಗೆ ಒಂದು ಮಾತು ಹೇಳಿತು. ಪ್ರತಿ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ ಇಡಬೇಕು ಎಂದು. ಆದರೆ ಮಾಡಿನ ಮೇಲೆ ಕೂತ ಈ ಹುಡುಗನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಅದಕ್ಕೇ ನಾನು ಅಂಗಡಿ, ಗೋದಾಮು, ಮಿಲ್ಲು ಇರುವ ಯಜಮಾನರನ್ನೆಲ್ಲ ಕೇಳಿಕೊಳ್ಳುವುದು: ನಿಮ್ಮ ಕಟ್ಟಡಕ್ಕೆ ಒಂದು ಪುಸ್ತಕ ಇಡಿ.

ರಿಪೇರಿಗೆ ಮೊದಲು ಗೊತ್ತಿರುವವರನ್ನು ಕರೆದು ಕಟ್ಟಡವನ್ನು ಒಮ್ಮೆ ಪೂರ್ತಿ ನೋಡಿಸಿ. ಮಾಡು ಮಾತ್ರ ಅಲ್ಲ. ಹಳೇ ನೀರಿನ ಪೈಪು, ಸೀಲಿಂಗಿನ ಹಲಗೆ, ಸ್ವಿಚ್ ಬೋರ್ಡಿನ ಹಿಂದಿನ ಹಲಗೆ, ಬಾಯ್ಲರಿನ ಬಿಸಿ ಪೈಪಿಗೆ ಸುತ್ತಿದ ಹಗ್ಗ, ಎಲ್ಲವೂ. ಮುಟ್ಟಿದರೆ ಉದುರುವಂಥ ಮೆತ್ತಗಿನ ಸುತ್ತು ಶೀಟಿಗಿಂತ ಹೆಚ್ಚು ಅಪಾಯ. ಅದನ್ನು ಒತ್ತಿ ನೋಡಲೇಬೇಡಿ. ಕಣ್ಣಿನಲ್ಲಿ ನೋಡಿ ಇದು ಕಲ್ನಾರೋ ಅಲ್ಲವೋ ಎಂದು ಹೇಳಲು ಬರುವುದಿಲ್ಲ. ಈಗ ಕಲ್ನಾರು ಇಲ್ಲದ ಶೀಟುಗಳೂ ಇವೆ, ನೋಡಲು ಹಾಗೆಯೇ. ಸಣ್ಣ ಚೂರನ್ನು ಒದ್ದೆ ಮಾಡಿ ತೆಗೆದು, ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಲ್ಯಾಬಿಗೆ ಕಳಿಸಬೇಕು. ವರದಿ ಬರುವ ತನಕ ಅದು ಕಲ್ನಾರು ಎಂದೇ ಇಟ್ಟುಕೊಳ್ಳಿ. ಎಲ್ಲಿ ಏನಿದೆ, ಎಷ್ಟು ಬಿರುಕಿದೆ, ಫೋಟೋ ಸಮೇತ ಪುಸ್ತಕಕ್ಕೆ ಸೇರಿಸಿ.

ಇದನ್ನು ಕೇಳಿ ಹೆದರಿ ನಾಳೆಯೇ ಶೀಟು ಕೀಳಿಸಬೇಡಿ! ಗಟ್ಟಿಯಾಗಿರುವ ಶೀಟು ಸುಮ್ನೆ ಇದ್ದರೆ ಅಷ್ಟು ತೊಂದರೆ ಇಲ್ಲ. ತೊಂದರೆ ಬರುವುದು ನಮ್ಮ ಕೈ ತಾಗಿದಾಗ. ನಮ್ಮಲ್ಲಿ ಮಳೆ ಜೋರು, ಶೀಟಿಗೆ ಪಾಚಿ ಹಿಡಿಯುತ್ತದೆ. ಅದನ್ನು ತಂತಿ ಬ್ರಷ್ಷಿನಲ್ಲಿ ಉಜ್ಜುತ್ತಾರೆ, ಪಂಪು ಹಚ್ಚಿ ತೊಳೆಯುತ್ತಾರೆ. ಒಡೆದ ಚೂರನ್ನು ಜಜ್ಜಿ ದಾರಿಯ ಗುಂಡಿಗೆ ತುಂಬುತ್ತಾರೆ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ತೆಗೆಯಲೇಬೇಕಾದರೆ ಕೆಲಸ ಗೊತ್ತಿರುವವರಿಂದಲೇ ತೆಗೆಸಿ. ಶೀಟನ್ನು ನೀರಿನಿಂದ ನೆನೆಸಿ, ಬೋಲ್ಟು ಬಿಚ್ಚಿ, ಇಡೀ ಶೀಟನ್ನೇ ಇಳಿಸಬೇಕು. ಮೇಲಿಂದ ಎಸೆಯಬಾರದು. ಶೀಟಿನ ಮೇಲೆ ನೇರ ಕಾಲಿಡುವುದೂ ಬೇಡ, ಮುರಿದು ಬಿದ್ದು ಸತ್ತವರಿದ್ದಾರೆ. ಕೆಲಸದವರಿಗೆ ಫಿಲ್ಟರ್ ಇರುವ ಸರಿಯಾದ ಮಾಸ್ಕ್ ಯಜಮಾನರೇ ಕೊಡಬೇಕು. ತೆಗೆದದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟು, ಎಲ್ಲಿಗೆ ಕೊಡಬೇಕೆಂದು ಮಾಲಿನ್ಯ ನಿಯಂತ್ರಣ ಮಂಡಳಿಯವರಲ್ಲಿ ಕೇಳಿ. ತೋಟದ ಮೂಲೆಗೆ ಬೇಡ, ಕೋಳಿಗೂಡಿಗೂ ಬೇಡ.

ಬದಿಯಡ್ಕದ ಆ ಯಜಮಾನರು ಒಂದು ಉದ್ದ ನೋಟ್‌ಬುಕ್ ತಂದು ಗಲ್ಲಾಪೆಟ್ಟಿಗೆಯ ಪಕ್ಕ ದಾರ ಕಟ್ಟಿ ತೂಗುಹಾಕಿದ್ದಾರೆ. ಮೊದಲ ಪುಟದಲ್ಲಿ ಮಾಡಿನ ಚಿತ್ರ ಇದೆ, ಒಡೆದ ಎರಡು ಶೀಟಿಗೆ ಕೆಂಪು ಗುರುತು. ಅದರ ಕೆಳಗೆ ಆ ಹುಡುಗನ ಹೆಸರು, ಅವನು ಕೊಯ್ದ ದಿನ. ನಮಸ್ಕಾರ.