ಲೇತ್ ಮೇಲೆ ಮರದ ಪೆನ್ನು: ಔಟ್ ಎಲ್ಲಿಂದ ಬರುತ್ತದೆ?

ಕೇಳುಗರಿಗೆ ನಮಸ್ಕಾರ.

ಕೈಯಲ್ಲಿ ಕಡೆದ ಮರದ ಪೆನ್ನೊಂದು ಸಿಕ್ಕಿದರೆ, ಅದರ ಬಣ್ಣಕ್ಕೆ ಮರುಳಾಗುವ ಮೊದಲು ಒಂದು ಕೆಲಸ ಮಾಡಿ. ಹೆಬ್ಬೆರಳಿನ ಉಗುರನ್ನು ಮರದ ಮೇಲಿಟ್ಟು ತುದಿಯ ಲೋಹದ ಭಾಗದ ಕಡೆಗೆ ಮೆಲ್ಲಗೆ ಜಾರಿಸಿ. ಎಲ್ಲೂ ತಡೆಯದೆ ದಾಟಿತೇ? ಪೆನ್ನನ್ನು ಅರ್ಧ ಸುತ್ತು ತಿರುಗಿಸಿ ಮತ್ತೊಮ್ಮೆ ಜಾರಿಸಿ. ಬಣ್ಣ ಬಯಲಾಗುವುದು ಈ ಎರಡನೇ ಸಲ. ಒಂದು ಕಡೆ ಮರ ಉಬ್ಬಿರುತ್ತದೆ, ಎದುರು ಕಡೆ ಲೋಹದ ಅಂಚೇ ಉಗುರಿಗೆ ಸಿಕ್ಕಿಕೊಳ್ಳುತ್ತದೆ. ವರ್ಕ್‌ಶಾಪಿನವರು ಮುಟ್ಟಿ ನೋಡಿದ ಕೂಡಲೇ ‘ಔಟ್ ಇದೆ’ ಅಂದುಬಿಡುತ್ತಾರೆ, ಅಂದರೆ ಮರ ನಡುವಿನಿಂದ ಪಕ್ಕಕ್ಕೆ ಸರಿದಿದೆ ಎಂದು.

ಮಂಚದ ಕಾಲಿಗೆ ಇಷ್ಟು ಔಟ್ ಇದ್ದರೆ ಯಾರೂ ಕೇಳುವುದಿಲ್ಲ. ಪೆನ್ನಿನ ಲೆಕ್ಕ ಬೇರೆ. ಹೊಸಬರು ಮೊದಲು ಕೈಹಾಕುವ ಸ್ಲಿಮ್‌ಲೈನ್ ಕಿಟ್, ಅಂದರೆ ತೆಳು ಪೆನ್ನಿನ ಲೋಹದ ಭಾಗಗಳ ಸೆಟ್, ನೋಡಿ. ಮೇಲೊಂದು ಕೆಳಗೊಂದು ಮರದ ತುಂಡು, ಪ್ರತಿಯೊಂದಕ್ಕೂ 7 ಮಿಲಿಮೀಟರ್ ತೂತು, ಅದರೊಳಗೆ ಅಂಟು ಹಾಕಿ ಕೂರಿಸಿದ ಹಿತ್ತಾಳೆ ಕೊಳವೆ. ಹೊರಗಿನಿಂದ ಕಡೆಯುತ್ತಾ ಹೋದರೆ ತುದಿಯಲ್ಲಿ ಉಳಿಯುವ ಒಟ್ಟು ವ್ಯಾಸ 8 ಮಿಲಿಮೀಟರಿಗಿಂತ ತುಸು ಹೆಚ್ಚು. ಅಂದರೆ ಅಲ್ಲಿ ಮರದ ದಪ್ಪ ಒಂದು ಮಿಲಿಮೀಟರ್ ಕೂಡ ಇಲ್ಲ. ಅಕ್ಷ 0.1 ಮಿಲಿಮೀಟರ್ ಪಕ್ಕಕ್ಕೆ ಸರಿದರೂ ಒಂದು ಬದಿಗೂ ಎದುರು ಬದಿಗೂ 0.2ರ ವ್ಯತ್ಯಾಸ ಬರುತ್ತದೆ. ಅಷ್ಟು ಸಾಕು, ಉಗುರಿಗೆ ಗೊತ್ತಾಗುತ್ತದೆ.

ಹೀಗಾದಾಗ ಹೆಚ್ಚಿನವರು ಬೈಯುವುದು ತಮ್ಮ ಕೈಯನ್ನು, ಇಲ್ಲವೇ ಉಳಿಯನ್ನು. ಸ್ವಲ್ಪ ಯೋಚಿಸಿ. ತಿರುಗುತ್ತಿರುವ ಮರಕ್ಕೆ ಉಳಿ ಹಿಡಿದರೆ ಅದು ಸುತ್ತಲೂ ಒಂದೇ ಸಮ ತೆಗೆಯುತ್ತದೆ. ಕೈ ತಪ್ಪಿದರೆ ಮರ ಸುತ್ತಲೂ ತೆಳುವಾದೀತು, ಮಧ್ಯೆ ಹಳ್ಳ ಬಿದ್ದೀತು. ಆದರೆ ಒಂದು ಬದಿ ಮಾತ್ರ ಉಬ್ಬುವಂತೆ ಮಾಡಲು ಕೈಯಿಂದ ಸಾಧ್ಯವಿಲ್ಲ. ಮರ ತಿರುಗಿದ ಅಕ್ಷವೇ ಬೇರೆ, ಕೊಳವೆಯ ಅಕ್ಷವೇ ಬೇರೆ ಆಗಿದ್ದಾಗ ಮಾತ್ರ ಹಾಗಾಗುತ್ತದೆ.

ಹಾಗಾದರೆ ತೂತು ಓರೆಯಾಗಿರಬೇಕು ಅನ್ನುತ್ತೀರಿ. ಅದೂ ಅಲ್ಲ. ತೂತು ತುಂಡಿನ ನಟ್ಟನಡುವೆ ಇಲ್ಲದಿದ್ದರೂ ಪೆನ್ನು ಔಟ್ ಆಗುವುದಿಲ್ಲ, ಏಕೆಂದರೆ ಕಡೆಯುವುದು ಕೊಳವೆಯನ್ನು ಆಧಾರ ಮಾಡಿಕೊಂಡು. ತುಂಡು ಸಾಕಷ್ಟು ದಪ್ಪ ಇದ್ದರೆ ಓರೆಯೆಲ್ಲ ಸಿಪ್ಪೆಯ ಜೊತೆ ಹೋಗುತ್ತದೆ. ತೂತು ಓರೆಯಾದರೆ ಕೆಡುವುದು ಮರದ ಗೆರೆ, ಮೇಲಿನ ತುಂಡಿಗೂ ಕೆಳಗಿನ ತುಂಡಿಗೂ ಅದು ಕೂಡುವುದಿಲ್ಲ. ಲೇತಿನ ವೇಗ ಕಡಿಮೆ ಇಟ್ಟು, ಬಿಟ್ಟನ್ನು ಆಗಾಗ ಹೊರಗೆಳೆದು ಪುಡಿ ತೆಗೆದು, ಬಿಸಿಯಾಗದಂತೆ ಕೊರೆದರೆ ಸಾಕು. ತೂತಿನ ಬಗ್ಗೆ ಇದಕ್ಕಿಂತ ತಲೆ ಕೆಡಿಸಿಕೊಳ್ಳಬೇಡಿ.

ನಿಜವಾದ ಆರೋಪಿ ಮ್ಯಾಂಡ್ರೆಲ್. ಕೊಳವೆಗಳನ್ನೂ ಬುಷ್‌ಗಳನ್ನೂ ಪೋಣಿಸುವ ಸಣ್ಣ ಉಕ್ಕಿನ ಸರಳು ಅದು. ಬುಷ್ ಅಂದರೆ ತುಂಡಿನ ತುದಿಗೆ ಕೂತು, ಎಷ್ಟು ದಪ್ಪಕ್ಕೆ ಕಡೆಯಬೇಕೆಂದು ತೋರಿಸುವ ಲೋಹದ ಬಳೆ. ಎಡಗಡೆ ಲೇತಿನ ತಿರುಗಿಸುವ ತಲೆ, ಅಂದರೆ ಹೆಡ್‌ಸ್ಟಾಕ್, ಹಿಡಿದಿರುತ್ತದೆ, ಬಲಗಡೆಯಿಂದ ಹಿಂದೆ ಮುಂದೆ ಸರಿಯುವ ಟೇಲ್‌ಸ್ಟಾಕ್ ಒತ್ತುತ್ತದೆ. ಸರಳಿನ ದಪ್ಪ ಸುಮಾರು 6 ಮಿಲಿಮೀಟರ್, ಉದ್ದ ಒಂದು ಗೇಣಿಗೂ ಹೆಚ್ಚು. ಮರ ಜಾರದಿರಲಿ ಎಂದು ಟೇಲ್‌ಸ್ಟಾಕಿನ ಚಕ್ರವನ್ನು ಇನ್ನೊಂದು ಸುತ್ತು ಬಿಗಿ ಮಾಡುತ್ತೀರಿ. ಸರಳು ನಡುವೆ ಬಿಲ್ಲಿನಂತೆ ಬಾಗುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಬಾಗಿದ ಸರಳಿನ ಮೇಲೆ ಕಡೆದ ಮರ ಲೇತಿನ ಮೇಲಿರುವಷ್ಟು ಹೊತ್ತೂ ದುಂಡಾಗಿಯೇ ಇರುತ್ತದೆ, ಬಿಚ್ಚಿ ಲೋಹದ ಪಕ್ಕ ಇಟ್ಟಾಗ ಔಟ್.

ಇದನ್ನು ಪತ್ತೆ ಮಾಡಲು ಓಲಾಟ ಅಳೆಯುವ ಡಯಲ್ ಗೇಜ್ ಇದ್ದರೆ ಸರಿ, ಇಲ್ಲದಿದ್ದರೂ ದಾರಿಯಿದೆ. ಕಡೆದು ಮುಗಿಸಿದ ಮೇಲೆ ಸರಳಿನ ಮೇಲೆ ಮರವನ್ನು ಬಿಗಿದಿರುವ ನಟ್ ಸಡಿಲಿಸಿ, ಸರಳು ಇದ್ದಲ್ಲೇ ಇರಲಿ, ಮರವನ್ನು ಮಾತ್ರ ಅರ್ಧ ಸುತ್ತು ತಿರುಗಿಸಿ ಮತ್ತೆ ಬಿಗಿ ಮಾಡಿ. ಲೇತನ್ನು ನಿಧಾನಕ್ಕೆ ಓಡಿಸಿ, ಪೆನ್ಸಿಲ್ ತುದಿಯನ್ನು ಮರಕ್ಕೆ ತಾಗಿಯೂ ತಾಗದಂತೆ ಹಿಡಿಯಿರಿ. ಗೆರೆ ಸುತ್ತಲೂ ಬಿದ್ದರೆ ಅಕ್ಷ ನೇರವಾಗಿದೆ. ಒಂದೇ ಬದಿಗೆ ಬಿದ್ದರೆ ಮರ ಓಲಾಡುತ್ತಿದೆ. ಇದ್ದ ತಪ್ಪು ಈಗ ಎರಡರಷ್ಟಾಗಿ ಕಾಣುವುದರಿಂದ ಸಣ್ಣ ಔಟ್ ಕೂಡ ತಪ್ಪಿಸಿಕೊಳ್ಳುವುದಿಲ್ಲ.

ಪರಿಹಾರಕ್ಕೆ ದೊಡ್ಡ ಖರ್ಚೇನೂ ಇಲ್ಲ. ನಟ್ಟನ್ನು ಬೆರಳಲ್ಲಿ ಎಷ್ಟು ಬಿಗಿಯಾಗುತ್ತದೋ ಅಷ್ಟೇ ಬಿಗಿ ಮಾಡಿ, ಇಕ್ಕಳ ಬೇಡ. ಟೇಲ್‌ಸ್ಟಾಕಿನ ಸೆಂಟರ್, ಅಂದರೆ ಸರಳಿನ ತುದಿಗೆ ಒತ್ತುವ ಚೂಪು ಭಾಗ, ಸರಳಿನ ಜೊತೆ ತಿರುಗತೊಡಗಿದ ಕೂಡಲೇ ಒತ್ತುವುದನ್ನು ನಿಲ್ಲಿಸಿ. ಆ ಸೆಂಟರಿನ ಮೊನೆ 60 ಡಿಗ್ರಿಯದೇ ಇರಲಿ. ಮ್ಯಾಂಡ್ರೆಲ್ ತುದಿಯ ಕುಳಿ ಆ ಕೋನಕ್ಕೇ ಮಾಡಿದ್ದು, ಮರದ ಲೇತಿನ ಜೊತೆ ಬರುವ ಸೆಂಟರ್‌ಗಳ ಕೋನ ಎಷ್ಟೋ ಸಲ ಬೇರೆ ಇರುತ್ತದೆ. ಎರಡು ತುಂಡನ್ನು ಒಟ್ಟಿಗೆ ಪೋಣಿಸುವ ಬದಲು ಸರಳನ್ನು ಗಿಡ್ಡ ಮಾಡಿಕೊಂಡು ಒಂದೊಂದಾಗಿ ಕಡೆಯಬಹುದು. ನನ್ನ ಮಾತು ಕೇಳುವುದಾದರೆ ಸರಳನ್ನೇ ಕೈಬಿಡಿ. ಎರಡೂ ಕಡೆ 60 ಡಿಗ್ರಿ ಸೆಂಟರ್, ನಡುವೆ ಅದಕ್ಕೆ ಹೊಂದುವ ಬುಷ್ ಹಾಕಿದ ಒಂದೇ ತುಂಡು. ಬಾಗುವ ಸರಳೇ ಇಲ್ಲ ಎಂದ ಮೇಲೆ ಬಾಗುವ ಮಾತೆಲ್ಲಿ?

ಸರಳು ಬಾಗಲು ಇನ್ನೊಂದು ಕಾರಣ ತುಂಡಿನ ತುದಿ. ಅದು ಕೊಳವೆಗೆ ನೇರ ಲಂಬವಾಗಿರಬೇಕು. ಓರೆಯಿದ್ದರೆ ಬುಷ್ ಒಂದು ಬದಿಗೆ ಮಾತ್ರ ಒತ್ತಿ ಸರಳನ್ನು ಎಳೆಯುತ್ತದೆ, ಜೋಡಿಸಿದ ಮೇಲೂ ಅಲ್ಲಿ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ತುದಿ ಸಮ ಮಾಡುವ ಟ್ರಿಮ್ಮರಿನ ಕಡ್ಡಿ ಕೊಳವೆಯೊಳಗೆ ಸಲೀಸಾಗಿ ಹೋಗಬೇಕು. ಒಳಗೆ ಒಂದು ಹನಿ ಅಂಟು ಒಣಗಿ ಕೂತಿದ್ದರೂ ಕಡ್ಡಿ ವಾಲುತ್ತದೆ, ಟ್ರಿಮ್ಮರ್ ಓರೆಯಾಗಿಯೇ ಕತ್ತರಿಸುತ್ತದೆ. ಇದಕ್ಕೆ ಹಳೆಯ ಉಪಾಯ ಆಲೂಗಡ್ಡೆ. ಒಂದು ಬಿಲ್ಲೆ ಕೊಯ್ದು, ಅಂಟು ಹಚ್ಚುವ ಮೊದಲು ಕೊಳವೆಯ ಬಾಯನ್ನು ಅದಕ್ಕೆ ಚುಚ್ಚಿ ತೆಗೆಯಿರಿ. ಬಾಯಿಗೆ ಬಿರಡೆ ಬೀಳುತ್ತದೆ, ಅಂಟು ಒಳಗೆ ಹೋಗುವುದಿಲ್ಲ. ಅಂಟು ಒಣಗಿದ ಮೇಲೆ ಕಡ್ಡಿಯಿಂದ ತಳ್ಳಿದರೆ ಆಯಿತು.

ಅಳತೆಗೆ ಬುಷ್ಷನ್ನು ನಂಬಬೇಡಿ. ಪ್ರತಿ ಪೆನ್ನಿಗೂ ಉಪ್ಪು ಕಾಗದ ಮರದ ಜೊತೆ ಬುಷ್ಷನ್ನೂ ಉಜ್ಜುತ್ತದೆ, ಅದು ಸವೆಯುತ್ತಾ ಬರುತ್ತದೆ. ವರ್ನಿಯರ್ ಹಿಡಿದು ಆ ಕಿಟ್ಟಿನ ಲೋಹದ ಭಾಗವನ್ನೇ ಅಳೆಯಿರಿ. ಪಾಲಿಷ್ ದಪ್ಪವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅರಗಿನ ಪಾಲಿಷ್ ಏರಿಸುವ ದಪ್ಪ ಇಲ್ಲವೆಂದೇ ಹೇಳಬಹುದು. ಸೂಪರ್ ಗ್ಲೂ ಪದರದ ಮೇಲೆ ಪದರ ಹಚ್ಚುವವರು ಮಾತ್ರ ಮರವನ್ನು ಅಷ್ಟು ಕಡಿಮೆಗೇ ನಿಲ್ಲಿಸಬೇಕು.

ತೇಗದಂಥ ಮರಕ್ಕೆ ಉಪ್ಪು ಕಾಗದವೇ ಶತ್ರು. ಅದರಲ್ಲಿ ಗಟ್ಟಿ ಗೆರೆ, ಮೆದು ಗೆರೆ ಎರಡೂ ಇರುತ್ತವೆ. ಹೆಚ್ಚು ಹೊತ್ತು ಉಜ್ಜಿದರೆ ಮೆದುವಾದದ್ದು ಬೇಗ ಸವೆದು ದುಂಡು ಮೈ ಏರುಪೇರಾಗುತ್ತದೆ. ಚೂಪಾದ ಓರೆ ಉಳಿಯಿಂದಲೇ ಹೆಚ್ಚುಕಡಿಮೆ ಮುಗಿಸಿ ನಯವಾದ ಕಾಗದದಿಂದ ಶುರು ಮಾಡಿ. ಹುಣಸೆಯ ಕೆಚ್ಚು, ಬೀಟೆಯ ಹಳೆ ಪೀಠೋಪಕರಣದ ತುಂಡು ಸಿಕ್ಕಿದರೆ ಈ ತಾಪತ್ರಯ ಕಡಿಮೆ.

ಮರ ಯಾವುದೇ ಇರಲಿ, ಒಣಗಿರಬೇಕು. ರಾಜಮಂಡ್ರಿಯಲ್ಲಿ ದಶಕಗಳಿಂದ ಎಬೊನೈಟ್ ಎಂಬ ಗಟ್ಟಿ ರಬ್ಬರಿನ ಪೆನ್ನು ಕಡೆಯುವವರಿಗೆ ಈ ಚಿಂತೆ ಇಲ್ಲ, ಎಬೊನೈಟಿಗೆ ಮಳೆಗಾಲದ ಹಂಗಿಲ್ಲ. ಮರ ಹಾಗಲ್ಲ. ಅದು ಕುಗ್ಗುವಾಗ ವಾರ್ಷಿಕ ಉಂಗುರದ ಗುಂಟ ಹೆಚ್ಚು, ಅಡ್ಡಕ್ಕೆ ಕಡಿಮೆ ಕುಗ್ಗುತ್ತದೆ, ಬಹಳಷ್ಟು ಮರಗಳಲ್ಲಿ ಸುಮಾರು ಎರಡರಷ್ಟು ಅಂತರ. ಆಗುಂಬೆಯ ಜುಲೈಯಲ್ಲಿ ದುಂಡಗಿದ್ದ ಹಸಿ ಮರದ ಪೆನ್ನು ಕಲಬುರಗಿಯ ಏಪ್ರಿಲ್‌ನಲ್ಲಿ ಮೊಟ್ಟೆಯಾಕಾರಕ್ಕೆ ತಿರುಗಬಹುದು, ಸೀಳಲೂಬಹುದು. ತೂತು ಕೊರೆದ ಮೇಲೆ ತುಂಡನ್ನು ಕೆಲವು ದಿನ ಹಾಗೇ ಬಿಟ್ಟು, ಆಮೇಲೆ ಕೊಳವೆ ಅಂಟಿಸಿ. ಒಳಗಿನಿಂದಲೂ ಗಾಳಿ ಆಡುವುದರಿಂದ ಬೇಗ ಒಣಗುತ್ತದೆ.

ಉಳಿದದ್ದು ಜೋಡಣೆ. ವೈಸಿನ ಎರಡು ದವಡೆಗೂ ಮರದ ಹಲಗೆ ಕಟ್ಟಿ, ಲೋಹದ ಭಾಗ ನೇರ ನಿಂತಿದೆಯೇ ಎಂದು ಎರಡು ಕಡೆಯಿಂದ ನೋಡಿ ಒತ್ತಿ. ರೀಫಿಲ್ ಹೊರಬರಿಸುವ ತಿರುಪನ್ನು ಮಾತ್ರ ಒಂದೇ ಸಲ ಪೂರ್ತಿ ಒತ್ತಬೇಡಿ. ಸ್ವಲ್ಪ ಒತ್ತಿ, ರೀಫಿಲ್ ಹಾಕಿ, ಮೊನೆ ಎಷ್ಟು ಹೊರಗೆ ಬರುತ್ತದೆ ನೋಡಿ, ಮತ್ತೆ ಸ್ವಲ್ಪ ಒತ್ತಿ. ಒಳಗೆ ಹೆಚ್ಚು ಹೋದ ತಿರುಪನ್ನು ಹೊರಗೆಳೆಯಲು ಹೊರಟರೆ ಮರ ಒಡೆಯುವುದೇ ಹೆಚ್ಚು.

ನಮಸ್ಕಾರ.