ಕದ್ದ ಚಿತ್ರ, ವಿಳಾಸವಿಲ್ಲದ ಅಂಗಡಿ

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಪ್ರತಿವರ್ಷ ಜನವರಿಯಲ್ಲಿ ಚಿತ್ರಸಂತೆ ನಡೆಯುತ್ತದೆ. ಆ ಜಾತ್ರೆಯಲ್ಲಿ ಓಡಾಡಿದವರು ಕೆಲವು ಚಿತ್ರಗಳ ಪಕ್ಕದಲ್ಲಿ ಒಂದು ಸಣ್ಣ ಚೀಟಿ ನೋಡಿರಬಹುದು. 'ದಯವಿಟ್ಟು ಫೋಟೋ ತೆಗೆಯಬೇಡಿ' ಎಂದು ಬರೆದಿರುತ್ತದೆ. ಓದಿದವರಿಗೆ ಸ್ವಲ್ಪ ಬೇಜಾರಾಗುತ್ತದೆ. ಒಂದು ಫೋಟೋ ತಾನೇ, ಇವರಿಗೇನು ಗಂಟು ಹೋಗುತ್ತೆ ಅನ್ನಿಸುತ್ತದೆ.

ಆ ಫೋಟೋ ಎಲ್ಲಿಗೆ ಹೋಗುತ್ತದೆ ನೋಡೋಣ. ಯಾರೋ ಅದನ್ನು ಇನ್‌ಸ್ಟಾಗ್ರಾಮಿಗೆ ಹಾಕುತ್ತಾರೆ. ಇನ್ಯಾರೋ ಅಲ್ಲಿಂದ ಎತ್ತಿ ಪಿನ್‌ಟರೆಸ್ಟಿಗೆ ಸೇರಿಸುತ್ತಾರೆ. ಅಷ್ಟು ಹೊತ್ತಿಗೆ ಚಿತ್ರ ಬರೆದವರ ಹೆಸರು ಉದುರಿಹೋಗಿರುತ್ತದೆ. ಆಮೇಲೆ ಒಂದು ದಿನ ಅದೇ ಚಿತ್ರ ಮೊಬೈಲ್ ಕವರ್ ಮೇಲೋ ಟಿ-ಶರ್ಟ್ ಮೇಲೋ ಯಾವುದೋ ಆನ್‌ಲೈನ್ ಅಂಗಡಿಯಲ್ಲಿ ಕಾಣಿಸಿಕೊಳ್ಳುತ್ತದೆ. ಕಲಾವಿದರಿಗೆ ಇದು ಗೊತ್ತಾಗುವುದು ಎಷ್ಟೋ ಸಲ ಅಭಿಮಾನಿಗಳಿಂದ. 'ಮೇಡಂ, ನಿಮ್ಮ ಚಿತ್ರದ ಕವರ್ ಸಿಕ್ತು, ತುಂಬಾ ಚೆನ್ನಾಗಿದೆ, ಎರಡು ತಗೊಂಡೆ' ಎಂದು ಖುಷಿಯಿಂದ ಮೆಸೇಜ್ ಹಾಕುತ್ತಾರೆ. ಅವರನ್ನು ಬೈಯುವುದು ಹೇಗೆ ಹೇಳಿ.

ಕದ್ದವರು ಯಾರು ಎಂದು ಹುಡುಕಲು ಹೊರಟರೆ ನಿಜವಾದ ತಮಾಷೆ ಶುರು. ಈ ವ್ಯಾಪಾರಕ್ಕೆ ಪ್ರಿಂಟ್ ಆನ್ ಡಿಮ್ಯಾಂಡ್ ಅನ್ನುತ್ತಾರೆ. ಸೆಲ್ಲರ್ ಹತ್ತಿರ ಒಂದು ಟಿ-ಶರ್ಟೂ ಇರುವುದಿಲ್ಲ. ಇರುವುದು ಚಿತ್ರದ ಫೈಲು ಮತ್ತು ಖಾಲಿ ಟಿ-ಶರ್ಟ್ ತೊಟ್ಟ ಮಾಡೆಲ್‌ನ ಫೋಟೋ. ಎರಡನ್ನೂ ಕಂಪ್ಯೂಟರಿನಲ್ಲಿ ಕೂಡಿಸಿ ಅಂಗಡಿಗೆ ಹಾಕುತ್ತಾನೆ. ಆರ್ಡರ್ ಬಂದಮೇಲೆ ಬೇರೆ ಊರಿನ ಪ್ರಿಂಟರ್ ಒಂದೇ ಒಂದು ಶರ್ಟಿನ ಮೇಲೆ ಚಿತ್ರ ಹಾಕಿ, ನೇರವಾಗಿ ಗಿರಾಕಿಯ ಮನೆಗೆ ಕೊರಿಯರ್ ಮಾಡುತ್ತಾನೆ. ಹಿಂದೆ ನಕಲಿ ಮಾಲಿಗೆ ಗೋದಾಮು ಬೇಕಿತ್ತು. ಪೊಲೀಸರು ಹೋದರೆ ಏನಾದರೂ ಕೈಗೆ ಸಿಗುತ್ತಿತ್ತು. ಇಲ್ಲಿ ಹೋಗಿ ಹುಡುಕಲು ಗೋದಾಮೇ ಇಲ್ಲ.

ಸೆಲ್ಲರನ್ನು ಕೇಳಿದರೆ 'ಡಿಸೈನ್ ನೆಟ್ಟಿನಲ್ಲಿ ಸಿಕ್ಕಿತು' ಅನ್ನುತ್ತಾನೆ. ಪ್ರಿಂಟರನ್ನು ಕೇಳಿದರೆ 'ಪಾರ್ಟಿ ಫೈಲ್ ಕಳಿಸಿದ್ರು, ಹಾಕಿಕೊಟ್ಟೆ' ಅನ್ನುತ್ತಾನೆ. ಆನ್‌ಲೈನ್ ಮಾರುಕಟ್ಟೆಯವರು 'ನಾವು ಬರೀ ಮಧ್ಯವರ್ತಿಗಳು' ಅನ್ನುತ್ತಾರೆ. ಮೂವರಿಗೂ ದುಡ್ಡು ಸೇರುತ್ತದೆ, ಮೂವರಲ್ಲಿ ಒಬ್ಬರೂ ಕಳ್ಳರಲ್ಲ! ಈ ಮೂವರಲ್ಲಿ ವಿಳಾಸ ಗೊತ್ತಿರುವುದು ಮಧ್ಯವರ್ತಿಯದ್ದು ಮಾತ್ರ. ಹಾಗಾಗಿ ನನ್ನ ಮಾತೆಲ್ಲ ಈ ಮಧ್ಯವರ್ತಿಯನ್ನು ಹಿಡಿಯುವುದು ಹೇಗೆ ಅನ್ನುವುದರ ಸುತ್ತಲೇ ಇರುತ್ತದೆ.

ಈ ವ್ಯಾಪಾರದಲ್ಲಿ ಯಾರೂ ಏನನ್ನೂ ಕಣ್ಣಿಟ್ಟು ನೋಡುವುದಿಲ್ಲ ಎಂದು 2019ರ ಡಿಸೆಂಬರಿನಲ್ಲಿ ಕೆಲವು ಕಲಾವಿದರು ತೋರಿಸಿಕೊಟ್ಟರು. ಆಗ ಟ್ವಿಟರಿನಲ್ಲಿ ಯಾರಾದರೂ ಒಂದು ಚಿತ್ರದ ಕೆಳಗೆ 'ಇದು ಟಿ-ಶರ್ಟ್ ಮೇಲೆ ಬೇಕು' ಎಂದು ಬರೆದರೆ ಸಾಕಿತ್ತು. ಆ ಸಾಲಿಗಾಗಿಯೇ ಕಾದು ಕೂತ ಬಾಟ್‌ಗಳು, ಅಂದರೆ ತಾವಾಗಿಯೇ ಓಡುವ ಪ್ರೋಗ್ರಾಮುಗಳು, ಚಿತ್ರವನ್ನು ಎತ್ತಿ ಅಂಗಡಿಗೆ ಹಾಕಿಬಿಡುತ್ತಿದ್ದವು. ಇದನ್ನು ಗಮನಿಸಿದ ಒಬ್ಬ ಕಲಾವಿದೆ, 'ಈ ಅಂಗಡಿ ಕದ್ದ ಚಿತ್ರ ಮಾರುತ್ತದೆ, ಇಲ್ಲಿ ಕೊಳ್ಳಬೇಡಿ' ಎಂಬ ಅರ್ಥದ ಮಾತನ್ನೇ ಚಿತ್ರವಾಗಿ ಬರೆದು ಹಾಕಿದರು. ಇದು ಶರ್ಟ್ ಮೇಲೆ ಬೇಕು ಎಂದು ಕಾಮೆಂಟ್ ಮಾಡಿ ಅಂತ ಎಲ್ಲರನ್ನೂ ಕೇಳಿಕೊಂಡರು. ಸ್ವಲ್ಪ ಹೊತ್ತಿನಲ್ಲೇ ಆ ಶರ್ಟ್ ಮಾರಾಟಕ್ಕೆ ಬಂತು! ತಾನು ಕಳ್ಳ ಎಂದು ಅಂಗಡಿ ತಾನೇ ಬೋರ್ಡ್ ಹಾಕಿಕೊಂಡಂತಾಯಿತು. ಆಮೇಲೆ ಇನ್ನೊಬ್ಬರು ಮಿಕ್ಕಿ ಮೌಸ್ ಬರೆದರು. 'ನಾವು ಕಾಪಿರೈಟ್ ಮುರಿದಿದ್ದೇವೆ, ಡಿಸ್ನಿ ನಮ್ಮ ಮೇಲೆ ಕೇಸು ಹಾಕಲಿ' ಎಂದು ಅದರ ಜೊತೆಗೇ ಬರೆದರು. ಅದೂ ಶರ್ಟ್ ಆಯಿತು.

ನಕ್ಕು ನಕ್ಕು ಸಾಕಾಗುತ್ತದೆ, ನಿಜ. ಆದರೆ ಬಾಟ್ ಓಡಿಸುವವರಿಗೆ ಬುದ್ಧಿ ಕಲಿಸಲು ಆ ಕಲಾವಿದರು ಡಿಸ್ನಿಯನ್ನು ಕರೆಯಬೇಕಾಯಿತಲ್ಲ, ಅದನ್ನು ಯೋಚಿಸಿ. ತಮ್ಮ ಹೆಸರಿಗೆ ಯಾರೂ ಹೆದರುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಡಿಸ್ನಿಗೆ ವಕೀಲರ ಪಡೆಯೇ ಇದೆ. ಶಿರಸಿಯಲ್ಲೋ ಕಲಬುರಗಿಯಲ್ಲೋ ಕೂತು ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವವರಿಗೆ ಯಾರಿದ್ದಾರೆ?

ಈ ಜಗಳ ಹಳೆಯದು. 1732ರಲ್ಲಿ ಲಂಡನ್ನಿನ ವಿಲಿಯಂ ಹೊಗಾರ್ತ್ ಎಂಬ ಕಲಾವಿದ ಆರು ಚಿತ್ರಗಳ ಒಂದು ಸರಣಿಯನ್ನು ತಾಮ್ರದ ತಗಡಿನಲ್ಲಿ ಕೊರೆದು, ಅಚ್ಚು ಹಾಕಿ ಮಾರಿದ. ಜನ ಮುಗಿಬಿದ್ದು ಕೊಂಡರು. ಕೂಡಲೇ ನಕಲು ಮಾಡುವವರೂ ಹುಟ್ಟಿಕೊಂಡರು. ಹೊಗಾರ್ತ್ ಸುಮ್ಮನಿರಲಿಲ್ಲ. ಜೊತೆಗಾರರನ್ನು ಸೇರಿಸಿಕೊಂಡು ಪಾರ್ಲಿಮೆಂಟಿನ ತನಕ ಹೋದ. 1735ರಲ್ಲಿ ಕಾನೂನು ಬಂತು. ಚಿತ್ರ ಕೊರೆದವರಿಗೆ 14 ವರ್ಷದ ಹಕ್ಕು ಸಿಕ್ಕಿತು. ಅದು ಜಾರಿಗೆ ಬರುವ ತನಕ ತನ್ನ ಮುಂದಿನ ಸರಣಿಯನ್ನು ಅವನು ಹೊರಗೇ ಬಿಡಲಿಲ್ಲ. ನಕಲಿನವರು ಅದಕ್ಕೂ ದಾರಿ ಕಂಡುಕೊಂಡರು. ಅವನ ಮನೆಗೆ ಗಿರಾಕಿಗಳ ಹಾಗೆ ಜನರನ್ನು ಕಳಿಸಿದರು. ಅವರು ಚಿತ್ರ ನೋಡಿ, ನೆನಪಿಟ್ಟುಕೊಂಡು, ಹೊರಗೆ ಬಂದು ಬರೆಸಿದರು. ಮೊಬೈಲ್ ಕ್ಯಾಮೆರಾ ಇಲ್ಲದ ಕಾಲದಲ್ಲೇ ಇಷ್ಟು!

ನಮ್ಮ ದೇಶದಲ್ಲಿ 1957ರ ಕಾಪಿರೈಟ್ ಕಾಯ್ದೆ ಇದೆ. ನೀವು ಚಿತ್ರ ಬರೆದು ಮುಗಿಸಿದ ಹೊತ್ತಿಗೇ ಹಕ್ಕು ನಿಮ್ಮದಾಗುತ್ತದೆ. ನೀವು ಬದುಕಿರುವ ತನಕ, ಆಮೇಲೆ 60 ವರ್ಷ. ನೋಂದಣಿ ಕಡ್ಡಾಯವಲ್ಲ. ಆದರೂ ಮಾಡಿಸಿಟ್ಟರೆ ಕೋರ್ಟಿನಲ್ಲಿ ಮೊದಲ ನೋಟದ ಸಾಕ್ಷಿಯಾಗುತ್ತದೆ. ಶುಲ್ಕ ಒಂದು ಚಿತ್ರಕ್ಕೆ 500 ರೂಪಾಯಿ, ವಸ್ತುಗಳ ಮೇಲೆ ಬಳಸುವ ಚಿತ್ರವಾದರೆ 2000. ವರ್ಷಕ್ಕೆ ನೂರಾರು ಚಿತ್ರ ಬರೆಯುವವರು ಎಲ್ಲಕ್ಕೂ ಮಾಡಿಸಲು ಆಗುವುದಿಲ್ಲ. ಹೆಚ್ಚು ಓಡುವ ನಾಲ್ಕೈದಕ್ಕೆ ಮಾಡಿಸಿದರೆ ಸಾಕು ಅಂತ ನನ್ನ ಅಭಿಪ್ರಾಯ.

ಆನ್‌ಲೈನಿನಿಂದ ಚಿತ್ರ ತೆಗೆಸುವ ದಾರಿ 2012ರ ತಿದ್ದುಪಡಿ ಮತ್ತು 2013ರ ನಿಯಮಗಳಲ್ಲಿ ಬಂದಿದೆ. ನೀವು ಲಿಖಿತವಾಗಿ ದೂರು ಕೊಡಬೇಕು. ಅದು ಸರಿ ಎಂದು ಕಂಡರೆ ಮಧ್ಯವರ್ತಿ 36 ಗಂಟೆಯೊಳಗೆ ಅದನ್ನು ಕಾಣದಂತೆ ಮಾಡಬೇಕು. ಕೇಳಲು ಚೆನ್ನಾಗಿದೆ ಅಲ್ವಾ? ಮುಂದಿನದ್ದು ಕೇಳಿ. ಈ ತಡೆ 21 ದಿನಕ್ಕೆ ಮಾತ್ರ. ಅಷ್ಟರಲ್ಲಿ ಕೋರ್ಟಿಗೆ ಹೋಗಿ ಆದೇಶ ತರುತ್ತೇನೆ ಎಂದು ದೂರಿನಲ್ಲೇ ಬರೆದುಕೊಡಬೇಕು. ತರದಿದ್ದರೆ ಅವರು ಮತ್ತೆ ತೋರಿಸಬಹುದು. ಕೆಲವು ನೂರು ರೂಪಾಯಿಯ ಶರ್ಟಿಗಾಗಿ ಮೂರು ವಾರದಲ್ಲಿ ಕೋರ್ಟಿನ ಆದೇಶ! ಇದನ್ನು ಬರೆದವರು ಸಿನಿಮಾ ಕಂಪನಿ, ಕ್ಯಾಸೆಟ್ ಕಂಪನಿಗಳನ್ನು ಕಣ್ಣ ಮುಂದೆ ಇಟ್ಟುಕೊಂಡಿದ್ದರೇನೋ.

ಒಂದು ಸಮಾಧಾನವಿದೆ. ಕಾಪಿರೈಟ್ ದಾವೆಯನ್ನು ನೀವು ವಾಸವಿರುವ ಊರಿನ ಜಿಲ್ಲಾ ಕೋರ್ಟಿನಲ್ಲೇ ಹಾಕಬಹುದು. ಸೆಲ್ಲರ್ ಸೂರತ್ತಿನಲ್ಲಿದ್ದಾನೆ ಅಂತ ಸೂರತ್ತಿಗೆ ಓಡಬೇಕಾಗಿಲ್ಲ. ಪೊಲೀಸರಿಗೂ ದೂರು ಕೊಡಬಹುದು. ಗೊತ್ತಿದ್ದೂ ಕಾಪಿರೈಟ್ ಮುರಿದರೆ 6 ತಿಂಗಳಿಂದ 3 ವರ್ಷದ ತನಕ ಜೈಲು ಇದೆ. ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ ಇದು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಠಾಣೆಗೆ ಹೋಗುವಾಗ ಆ ತೀರ್ಪಿನ ಪ್ರತಿ ಜೊತೆಗಿರಲಿ. ಇಲ್ಲದಿದ್ದರೆ 'ಇದು ಸಿವಿಲ್ ಮ್ಯಾಟ್ರು' ಅನ್ನಿಸಿಕೊಂಡು ವಾಪಸ್ ಬರಬೇಕಾದೀತು.

ದೂರು ಬರೆಯುವಾಗ ಪ್ರತಿಯೊಂದು ಲಿಂಕನ್ನೂ ಕೊಡಬೇಕು. 'ನಿಮ್ಮಲ್ಲಿ ನನ್ನ ಚಿತ್ರಗಳು ತುಂಬಾ ಇವೆ, ತೆಗೆಯಿರಿ' ಅಂದರೆ ನಡೆಯುವುದಿಲ್ಲ. 2016ರಲ್ಲಿ ಮೈಸ್ಪೇಸ್ ಎಂಬ ಜಾಲತಾಣದ ಕೇಸಿನಲ್ಲಿ ದೆಹಲಿ ಹೈಕೋರ್ಟ್ ಇದನ್ನೇ ಹೇಳಿತು. ಯಾವ ಕೃತಿ, ಎಲ್ಲಿದೆ ಎಂದು ಹಕ್ಕುದಾರರು ಬಿಡಿಬಿಡಿಯಾಗಿ ತಿಳಿಸಿದರೆ ಮಧ್ಯವರ್ತಿ ತೆಗೆಯಬೇಕು, ತಾನಾಗಿಯೇ ಎಲ್ಲವನ್ನೂ ಹುಡುಕಿ ತೆಗೆಯಬೇಕಿಲ್ಲ. ಅಂದರೆ ಕಾವಲು ಕಾಯುವ ಕೆಲಸ ಕಲಾವಿದರದ್ದೇ. ಗೂಗಲ್ ಲೆನ್ಸಿಗೋ ಟಿನ್‌ಐಗೋ ನಿಮ್ಮ ಚಿತ್ರ ಕೊಟ್ಟು ಹುಡುಕುತ್ತಾ ಕೂರಬೇಕು. ಒಂದು ತೆಗೆಸಿದರೆ ಬೇರೆ ಹೆಸರಿನ ಅಂಗಡಿಯಲ್ಲಿ ಇನ್ನೊಂದು ಏಳುತ್ತದೆ.

ಒಂದು ಮಾರುಕಟ್ಟೆಗೆ ನಾನು ದೂರು ಕಳಿಸಿದ್ದೆ. ನಿಮ್ಮ ಟ್ರೇಡ್‌ಮಾರ್ಕ್ ಸರ್ಟಿಫಿಕೇಟ್ ಕಳಿಸಿ ಎಂದು ಉತ್ತರ ಬಂತು. ನಾನು ಬರೆದದ್ದು ಆಲದ ಮರದ ಕೆಳಗೆ ಕುಂಟೆಬಿಲ್ಲೆ ಆಡುವ ಮಕ್ಕಳ ಚಿತ್ರ. ಟ್ರೇಡ್‌ಮಾರ್ಕ್ ಅಂದರೆ ಕಂಪನಿ ತನ್ನ ಮಾಲಿಗೆ ಹಾಕುವ ಗುರುತು, ಈ ಚಿತ್ರಕ್ಕೆಲ್ಲಿಯ ಟ್ರೇಡ್‌ಮಾರ್ಕು! ಇದು ಕಾಪಿರೈಟ್ ದೂರು ಎಂದು ಮತ್ತೆ ಬರೆದೆ. ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ನು, ಕಾಪಿರೈಟ್ ನಿಯಮಗಳ 75ನೇ ನಿಯಮ ಎಂದು ಹೆಸರು ಹಿಡಿದು ಹೇಳಿದೆ. ಆಗ ತೆಗೆದರು. ನೀವೂ ಈ ಎರಡು ನಂಬರ್ ಬರೆದಿಟ್ಟುಕೊಳ್ಳಿ.

ಅಂಗಡಿ ಅಮೆರಿಕದ್ದಾದರೆ ಅಲ್ಲಿನ 1998ರ ಡಿಎಂಸಿಎ ಎಂಬ ಡಿಜಿಟಲ್ ಕಾಪಿರೈಟ್ ಕಾನೂನಿನ ಪ್ರಕಾರ ಇಲ್ಲಿಂದಲೇ ನೋಟಿಸ್ ಕಳಿಸಬಹುದು. ಅದಕ್ಕೆ ನೋಂದಣಿ ಬೇಡ, ವಕೀಲರೂ ಬೇಡ. ಚಿತ್ರ ನನ್ನದೇ ಎಂದು ಸೆಲ್ಲರ್ ವಾದಿಸಬೇಕಾದರೆ ಅವನು ತನ್ನ ಹೆಸರು, ವಿಳಾಸ ಕೊಟ್ಟು ಸಹಿ ಹಾಕಬೇಕು. ಕದ್ದವರು ಎಷ್ಟೋ ಸಲ ಅಲ್ಲೇ ಜಾರಿಕೊಳ್ಳುತ್ತಾರೆ. ಹಾಗೆ ವಾದಿಸಿದರೆ ನೀವು ಎರಡು ವಾರದೊಳಗೆ ದಾವೆ ಹಾಕಬೇಕಾಗುತ್ತದೆ, ಅದು ಬೇರೆ ತಲೆನೋವು.

ಈಗ ಹೇಳುವುದನ್ನು ಟಿ-ಶರ್ಟಿಗೆ, ಸೀರೆಗೆ, ಪರದೆ ಬಟ್ಟೆಗೆ ಡಿಸೈನ್ ಮಾಡುವವರು ಗಮನವಿಟ್ಟು ಕೇಳಿ. ಇದನ್ನು ಕಲಾಶಾಲೆಗಳಲ್ಲಿ ಯಾಕೆ ಹೇಳಿಕೊಡುವುದಿಲ್ಲವೋ ನನಗೆ ಅರ್ಥವಾಗಿಲ್ಲ. ಕಾಪಿರೈಟ್ ಕಾಯ್ದೆಯ 15ನೇ ಸೆಕ್ಷನ್ನಿನಲ್ಲಿ ಒಂದು ಗುಂಡಿ ಇದೆ. ವಸ್ತುವಿನ ಮೇಲೆ ಹಾಕಲೆಂದೇ ಮಾಡಿದ ಡಿಸೈನನ್ನು 2000ದ ಡಿಸೈನ್ ಕಾಯ್ದೆಯಲ್ಲಿ ನೋಂದಾಯಿಸಬಹುದಾಗಿತ್ತು, ಆದರೂ ಮಾಡಿಸಲಿಲ್ಲ ಅಂದುಕೊಳ್ಳಿ. ನೀವೋ ನಿಮ್ಮ ಒಪ್ಪಿಗೆ ಪಡೆದವರೋ ಅದನ್ನು ಯಂತ್ರದಿಂದ 50 ಸಲಕ್ಕಿಂತ ಜಾಸ್ತಿ ಅಚ್ಚು ಹಾಕಿದರೆ ಅದರ ಕಾಪಿರೈಟೇ ಮುಗಿದುಹೋಗುತ್ತದೆ. ಐವತ್ತು! ಒಂದು ವಾರದ ಮಾರಾಟ. 2008ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ತಾಹಿಲಿಯಾನಿ ಡಿಸೈನ್ ಎಂಬ ಫ್ಯಾಷನ್ ಕಂಪನಿ ಗೆದ್ದದ್ದು ಅವರ ಬಟ್ಟೆಗಳ ಸಂಖ್ಯೆ 50ನ್ನು ದಾಟದೇ ಇದ್ದುದರಿಂದ. 2016ರಲ್ಲಿ ಅದೇ ಕೋರ್ಟಿನಲ್ಲಿ ಬಿಬಾ ಎಂಬ ಬಟ್ಟೆ ಕಂಪನಿಯ ವಿರುದ್ಧ ಹೋದ ಇನ್ನೊಂದು ಸಂಸ್ಥೆಗೆ ಇದೇ ಲೆಕ್ಕ ಮುಳುವಾಯಿತು. ಕಲೆಗಾಗಿಯೇ ಬರೆದ ಚಿತ್ರ ಬೇರೆ, ವಸ್ತುವಿಗಾಗಿ ಮಾಡಿದ ಡಿಸೈನ್ ಬೇರೆ ಎಂದು ಕೋರ್ಟುಗಳು ನೋಡುತ್ತವೆ. ಯಾವುದು ಯಾವುದು ಎಂದು ಬೇರ್ಪಡಿಸುವ ಪರೀಕ್ಷೆಯನ್ನು 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಬಟ್ಟೆಯ ಡಿಸೈನನ್ನು ಇನ್‌ಸ್ಟಾಗ್ರಾಮಿನಲ್ಲಿ ಹಾಕುವ ಮೊದಲೇ ನೋಂದಾಯಿಸಿ. ಒಮ್ಮೆ ಹೊರಗೆ ಬಂದದ್ದು ಡಿಸೈನ್ ಕಾಯ್ದೆಯ ಲೆಕ್ಕದಲ್ಲಿ ಹೊಸದಲ್ಲ.

ಸಾಕ್ಷಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಪೆನ್ಸಿಲ್ ಸ್ಕೆಚ್ ಎಸೆಯಬೇಡಿ. ಲೇಯರ್‌ಗಳಿರುವ ಮೂಲ ಫೈಲ್ ಇಟ್ಟುಕೊಳ್ಳಿ. ಮೂಲೆಯಲ್ಲಿ ಸಹಿ ಹಾಕಿದರೆ ಕತ್ತರಿಸುತ್ತಾರೆ, ಚಿತ್ರದ ಒಳಗೇ ಎಲ್ಲಾದರೂ ಸೇರಿಸಿ. ಚಿಕ್ಕ ಫೈಲ್ ಹಾಕಿದರೆ ಕದಿಯಲಾಗದು ಎಂಬ ಹಳೆಯ ನಂಬಿಕೆ ಬಿಡಿ, ಅದನ್ನು ಹಿಗ್ಗಿಸುವ ಸಾಫ್ಟ್‌ವೇರ್ ಈಗ ಎಲ್ಲರ ಹತ್ತಿರ ಇದೆ.

ಇಷ್ಟೆಲ್ಲ ಕಾನೂನು ಒಬ್ಬ ಕಲಾವಿದರು, ಒಂದು ಚಿತ್ರ, ಒಂದು ತಾರೀಕು ಇದ್ದರೆ ಮಾತ್ರ ಕೆಲಸಕ್ಕೆ ಬರುತ್ತದೆ. ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಅರೆದ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಅಜ್ಜಿಯಿಂದ ಅಮ್ಮ, ಅಮ್ಮನಿಂದ ಮಗಳು ಕಲಿತದ್ದು. ಆ ನಮೂನೆಯನ್ನು ಯಾರಾದರೂ ಕುಶನ್ ಕವರಿಗೆ ಹಾಕಿ ಮಾರಿದರೆ ಕಾಪಿರೈಟ್ ದೂರು ಕೊಡುವವರು ಯಾರು? ಫಾರಮ್ಮಿನಲ್ಲಿ ಕರ್ತೃವಿನ ಹೆಸರು ಕೇಳುತ್ತದೆ. ಚನ್ನಪಟ್ಟಣದ ಗೊಂಬೆಗೆ, ಮೈಸೂರು ಶೈಲಿಯ ಚಿತ್ರಕ್ಕೆ ಜಿಐ, ಅಂದರೆ ಇದು ಇಂಥ ಕಡೆಯದ್ದು ಎಂದು ಹೇಳುವ ಗುರುತು ಸಿಕ್ಕಿದೆ. ಅದು ಹೆಸರನ್ನು ಕಾಯುತ್ತದೆ, ನಮೂನೆಯನ್ನಲ್ಲ.

ಕೊನೆಯದಾಗಿ ಆ ಸೆಲ್ಲರ್ ವಿಳಾಸ. ಮಾರುಕಟ್ಟೆಯವರು ಕಲಾವಿದರಿಗೆ ಅದನ್ನು ಸುಲಭವಾಗಿ ಕೊಡುವುದಿಲ್ಲ. ಗೋಪ್ಯತೆ ಅನ್ನುತ್ತಾರೆ. ಆದರೆ 2020ರ ಇ-ಕಾಮರ್ಸ್ ಗ್ರಾಹಕ ನಿಯಮಗಳಲ್ಲಿ ಒಂದು ಕಡೆ ಹೀಗಿದೆ: ವಸ್ತು ಕೊಂಡ ಗ್ರಾಹಕರು ಲಿಖಿತವಾಗಿ ಕೇಳಿದರೆ ಸೆಲ್ಲರ್ ಎಲ್ಲಿದ್ದಾನೆ, ಅವನ ಇಮೇಲ್ ಏನು ಎಂದು ಮಾರುಕಟ್ಟೆಯವರು ತಿಳಿಸಲೇಬೇಕು. ಅವರ ಕುಂದುಕೊರತೆ ಅಧಿಕಾರಿ 48 ಗಂಟೆಯಲ್ಲಿ ದೂರು ತಲುಪಿದೆ ಎನ್ನಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಈ ಹಕ್ಕು ಇರುವುದು ಗ್ರಾಹಕರಿಗೆ, ಚಿತ್ರ ಬರೆದವರಿಗೆ ಅಲ್ಲ. ಹಾಗಾದರೆ ಏನು ಮಾಡಬೇಕು? ನಿಮ್ಮ ಚಿತ್ರದ ಶರ್ಟನ್ನು ನೀವೇ ದುಡ್ಡು ಕೊಟ್ಟು ಒಂದು ಕೊಳ್ಳಿ. ಹೊಟ್ಟೆ ಉರಿಯುತ್ತದೆ, ಗೊತ್ತು. ಪಾರ್ಸೆಲ್ ಬಿಚ್ಚುವ ಮುಂಚೆ ಲೇಬಲ್ಲಿನ ಫೋಟೋ ತೆಗೆಯಿರಿ, ಬಿಚ್ಚುವುದನ್ನು ವಿಡಿಯೋ ಮಾಡಿ. ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಇದ್ದರೆ ಸೆಲ್ಲರ್‌ನ ನಿಜವಾದ ಹೆಸರು ಅಲ್ಲೇ ಸಿಗುತ್ತದೆ. ಇಲ್ಲದಿದ್ದರೆ ಗ್ರಾಹಕರಾಗಿ ಕುಂದುಕೊರತೆ ಅಧಿಕಾರಿಗೆ ಪತ್ರ ಹಾಕಿ. ಅದರಲ್ಲೇ ಇನ್ನೊಂದು ಪ್ರಶ್ನೆ ಸೇರಿಸಿ: ಈ ಸೆಲ್ಲರ್ ಮೇಲೆ ಮೊದಲೂ ಕಾಪಿರೈಟ್ ದೂರು ಬಂದಿತ್ತೇ? ಪದೇ ಪದೇ ಸಿಕ್ಕಿಬಿದ್ದ ಸೆಲ್ಲರ್‌ಗಳ ಮಾಹಿತಿ ಇಟ್ಟುಕೊಳ್ಳಲು ಪ್ರಯತ್ನಿಸಬೇಕು ಎಂದು ಅದೇ ನಿಯಮ ಹೇಳುತ್ತದೆ. ಅಂಥವರನ್ನು ಹೊರಗೆ ಹಾಕಲೇಬೇಕು ಎಂದು ಮಾತ್ರ ಹೇಳುವುದಿಲ್ಲ, ಅದನ್ನು ಮಾರುಕಟ್ಟೆಯವರ ಇಷ್ಟಕ್ಕೇ ಬಿಟ್ಟಿದೆ.

ನಮಸ್ಕಾರ.