ಅಮ್ಮನನ್ನು ಹೊರಗೆ ಬಿಡಬೇಡಿ ಅನ್ನುವ ಮೊದಲು

ನಮಸ್ಕಾರ. ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದಾರೆ. ಉಡುಪಿಯ ಮನೆಯಲ್ಲಿ ಎಂಬತ್ತು ದಾಟಿದ ಅಮ್ಮ, ಜೊತೆಗೊಬ್ಬರು ಹೋಮ್ ನರ್ಸ್. ಫೋನಿನಲ್ಲಿ ಅವರಿಗೆ ಸಿಗುವ ಸೂಚನೆ ಒಂದೇ: "ಅಮ್ಮನನ್ನು ಹೊರಗೆ ಬಿಡಬೇಡಿ, ಬಿದ್ದರೆ ಕಷ್ಟ." ಗೇಟಿಗೆ ಬೀಗ ಬೀಳುತ್ತದೆ. ಪ್ರೀತಿಯಿಂದಲೇ ಹಾಕುವ ಬೀಗ ಅದು. ಆದರೂ ತಪ್ಪು.

ಎಲ್ಲಿ ಬೀಳುತ್ತಾರೆ, ಯಾವ ಹೊತ್ತಿಗೆ, ಯಾಕೆ? ಮೊದಲು ಅದನ್ನು ಕಂಡುಕೊಳ್ಳಿ. ಮಳೆಗಾಲದಲ್ಲಿ ಅಂಗಳದ ಪಾಚಿಗೆ ಜಾರುವುದಾದರೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ ತೊಳೆಯಿರಿ. ನಡೆಯಲು ತೆಂಗಿನ ಮಡಲು ಹಾಸುತ್ತೇವಲ್ಲ, ಕಾಲೆಳೆದು ನಡೆಯುವವರಿಗೆ ಅದೇ ತೊಡರುತ್ತದೆ. ರಾತ್ರಿ ಎದ್ದಾಗ ಬೀಳುವುದಾದರೆ ಹಾಸಿಗೆಯಿಂದ ಬಚ್ಚಲಿನವರೆಗೆ ಬೆಳಕು ಬೇಕು, ಕಮೋಡಿನ ಪಕ್ಕ ಗೋಡೆಗೆ ಹಿಡಿಕೆ ಬೇಕು. ಎದ್ದ ಕೂಡಲೇ ತಲೆ ತಿರುಗುತ್ತದೆಯೇ? ಐದು ನಿಮಿಷ ಮಲಗಿಸಿ ಬಿಪಿ ನೋಡಿ, ಎದ್ದು ನಿಂತ ಮೇಲೆ 1 ಮತ್ತು 3ನೇ ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ಡಾಕ್ಟರಿಗೆ ಹೇಳಿ, ಮಾತ್ರೆಯೇ ಕಾರಣ ಇರಬಹುದು. ಇದ್ಯಾವುದನ್ನೂ ಬೀಗ ಸರಿಮಾಡುವುದಿಲ್ಲ. ಕೂತಲ್ಲೇ ಕೂತರೆ ತೊಡೆಯ ಬಲ ಕುಗ್ಗಿ ಬೀಳುವುದು ಇನ್ನೂ ಹೆಚ್ಚುತ್ತದೆ. ಮಂಚದ ಬದಿಗೆ ಕಂಬಿ ಹಾಕಿಸಿದರೆ, ಮರೆವಿನ ಕಾಯಿಲೆ ಇರುವವರು ಅದನ್ನು ಹತ್ತಿ ದಾಟಲು ಹೋಗಿ ಇನ್ನಷ್ಟು ಎತ್ತರದಿಂದ ಬೀಳುತ್ತಾರೆ.

ಗಂಜಿಯ ವಿಷಯವೂ ಹೀಗೆಯೇ. ಪಾರ್ಶ್ವವಾಯು ಆದವರಿಗೆ ಮೆತ್ತಗಿನ ಊಟ ಅಂತ ಕುಚ್ಚಲಕ್ಕಿ ಗಂಜಿ ಕೊಡುತ್ತೇವೆ. ತೆಳಿ, ಅಂದರೆ ಗಂಜಿಯ ನೀರು, ಬೇಗ ಗಂಟಲಿಗೆ ಇಳಿಯುತ್ತದೆ, ಅಗುಳು ಬಾಯಲ್ಲೇ ಉಳಿಯುತ್ತದೆ. ಎರಡನ್ನೂ ಒಟ್ಟಿಗೆ ನಿಭಾಯಿಸಲಾಗದೆ ಶ್ವಾಸನಾಳಕ್ಕೆ ಹೋಗುತ್ತದೆ. ಉಣ್ಣುವಾಗ ಕೆಮ್ಮು, ಉಂಡ ಮೇಲೆ ಗೊರಗೊರ ದನಿ ಬಂದರೆ ಎಚ್ಚರ. ಹಾಗಂತ ಅವರ ಇಷ್ಟದ ಗಂಜಿಯನ್ನು ಬಿಡಿಸಲೇಬೇಕು ಅಂತಿಲ್ಲ. ನುಣ್ಣಗೆ, ಒಂದೇ ಹದಕ್ಕೆ ಅರೆದು ಕೊಡಬಹುದೇ ಅಂತ, ನುಂಗುವ ತೊಂದರೆಯನ್ನೂ ನೋಡುವ ಸ್ಪೀಚ್ ಥೆರಪಿಸ್ಟ್ ಹತ್ತಿರ ಕೇಳಿ. ನೆಟ್ಟಗೆ ಕೂರಿಸಿ ಉಣಿಸಿ, ಉಂಡ ಅರ್ಧ ಗಂಟೆ ಮಲಗಿಸಬೇಡಿ.

ಇಷ್ಟಾದರೂ ಸ್ವಲ್ಪ ಅಪಾಯ ಉಳಿದೇ ಉಳಿಯುತ್ತದೆ. ಅದು ಬೇಕೋ ಬೇಡವೋ ಅನ್ನುವುದು ಅಮ್ಮನ ತೀರ್ಮಾನ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 4ನೇ ಸೆಕ್ಷನ್ ಇರುವುದು ಚಿಕಿತ್ಸೆಯ ವಿಷಯಕ್ಕೆ, ಆದರೆ ಅದರ ಅಳತೆಗೋಲು ಮನೆಗೂ ಒಳ್ಳೆಯದು. ವಿಷಯ ತಿಳಿಯುತ್ತದೆಯೇ, ಮುಂದೇನಾದೀತು ಗೊತ್ತಿದೆಯೇ, ಮಾತಿನಲ್ಲೋ ಸನ್ನೆಯಲ್ಲೋ ಹೇಳಬಲ್ಲರೇ? ಉಳಿದವರಿಗೆ ತಪ್ಪಾಗಿ ಕಂಡಿತು ಅನ್ನುವುದೊಂದೇ ಕಾರಣಕ್ಕೆ ಅವರಿಗೆ ತೀರ್ಮಾನಿಸುವ ಶಕ್ತಿ ಇಲ್ಲ ಅನ್ನುವಂತಿಲ್ಲ ಎನ್ನುತ್ತದೆ ಅದೇ ಕಾಯ್ದೆ. ಕೇಳುವುದಾದರೆ ತುಳುವೋ ಕೊಂಕಣಿಯೋ ಕುಂದಾಪ್ರ ಕನ್ನಡವೋ, ಅವರ ಮನೆಮಾತಿನಲ್ಲಿ ಕೇಳಿ. ದಣಿದ ಸಂಜೆ ಬೇಡ, ಬೆಳಿಗ್ಗೆ, ಕಿವಿಯ ಮೆಷಿನ್ ಹಾಕಿಸಿ. ಬ್ಯಾಂಕಿನ ಲೆಕ್ಕ ತಪ್ಪುವವರಿಗೂ ರಥಬೀದಿಗೆ ಹೋಗಬೇಕೋ ಬೇಡವೋ ಚೆನ್ನಾಗಿ ಗೊತ್ತಿರುತ್ತದೆ. ಒಪ್ಪಿದ್ದನ್ನು ಬರೆದು, ಬಿದ್ದರೆ ದೂರು ಹೋಮ್ ನರ್ಸ್ ಮೇಲೆ ಬರುವುದಿಲ್ಲ ಅಂತಲೂ ಸೇರಿಸಿ. ಆ ಹೆದರಿಕೆಯಿಂದಲೇ ಅವರು ಬಿಗಿ ಹಿಡಿಯುವುದು.

ನಿನ್ನೆ ಸರಿಯಿದ್ದವರು ಇವತ್ತು ಇದ್ದಕ್ಕಿದ್ದಂತೆ ಗಲಿಬಿಲಿಗೊಂಡರೆ ಅದು ಬೇರೆ. ಶುಗರ್ 70ಕ್ಕಿಂತ ಇಳಿದಿರಬಹುದು, ಸೋಡಿಯಂ ಕಡಿಮೆಯಾಗಿರಬಹುದು, ಮೂತ್ರದ ಸೋಂಕಿರಬಹುದು. ಆಗ ಆಯ್ಕೆಯ ಮಾತು ಬೇಡ, ಮೊದಲು ಚಿಕಿತ್ಸೆ.

ನನಗೆ ಹೆಚ್ಚು ಸಿಟ್ಟು ಬರುವುದು "ಅವರಿಗೇ ಬೇಡವಂತೆ" ಅನ್ನುವ ಮಾತಿಗೆ. ಸ್ನಾನ ಬೇಡವಂತೆ, ಊಟ ಬೇಡವಂತೆ, ಜಾಗ ನಮ್ಮ ಹೆಸರಿಗೆ ಬರೆಯುವುದು ಮಾತ್ರ ಬೇಕಂತೆ! ಇದು ಆಯ್ಕೆಯಲ್ಲ, ನಿರ್ಲಕ್ಷ್ಯ. ಹಿರಿಯರ ಸಹಾಯವಾಣಿ 14567 ಇದೆ. ದಾನಪತ್ರ ಮಾಡಿಸುವುದೇ ಆದರೆ, ಕೊನೆಯವರೆಗೆ ನೋಡಿಕೊಳ್ಳಬೇಕು ಅನ್ನುವ ಷರತ್ತನ್ನು ಪತ್ರದಲ್ಲೇ ಬರೆಸಿ. ಷರತ್ತು ಮುರಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಅಡಿಯಲ್ಲಿ ಆ ಪತ್ರವನ್ನು ರದ್ದು ಮಾಡಿಸಲು ಅವರು ನ್ಯಾಯಮಂಡಳಿಗೆ ಹೋಗಬಹುದು.